ಬಿಟ್ಟವರ ಮನೆಯ ದಾರಿ

ಹೆಂಡದಂಗಡಿಗೆ ದಾರಿ ಕೇಳಿಕೊಂಡು ಹೋದವರನ್ನು ನಾನು ಕಂಡಿಲ್ಲ. ಊರು ಹೊಸದಾದರೂ, ಭಾಷೆ ಬಾರದಿದ್ದರೂ, ಕತ್ತಲೆಯಾದರೂ, ಕುಡಿಯಬೇಕೆಂದವನ ಕಾಲು ತಾನಾಗಿ ಅತ್ತ ಹೊರಳುತ್ತದೆ. ಅಂಗಡಿಯೂ ಅಷ್ಟೆ, ದೀಪ ಹಚ್ಚಿಕೊಂಡು, ಹೆಸರು ಬರೆಸಿಕೊಂಡು, ಎಲ್ಲರಿಗೂ ಕಾಣುವಂತೆ ರಸ್ತೆಯ ತಿರುವಿನಲ್ಲೇ ನಿಂತಿರುತ್ತದೆ. ಆದರೆ ಕುಡಿತ ಬಿಡಬೇಕೆಂದು ಹೊರಟವನು ಎಲ್ಲಿಗೆ ಹೋಗಬೇಕು? ಬಿಟ್ಟವರು ಎಲ್ಲಿ ಕೂಡುತ್ತಾರೆ? ಅವರ ಮನೆಗೆ ಹಲಗೆಯಿಲ್ಲ. ಅವರು ಹೆಸರನ್ನೂ ಪೂರ್ತಿಯಾಗಿ ಹೇಳಿಕೊಳ್ಳುವವರಲ್ಲ. ಹೆಸರಿಲ್ಲದವರನ್ನು ಹುಡುಕುವುದು ಹೇಗೆ ಎಂಬ ಈ ಪ್ರಶ್ನೆಗೆ ಒಂದು ಚರಿತ್ರೆಯೇ ಉಂಟು. ಹಲವು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆಯನ್ನು ಪಾಠ ಹೇಳಿದವನು ನಾನು. ರಾಜರ ವಂಶಾವಳಿಗಳಲ್ಲಿಯೂ ಯುದ್ಧಗಳ ತಾರೀಖುಗಳಲ್ಲಿಯೂ ಸಿಕ್ಕದ ಒಂದು ಸ್ವಾರಸ್ಯ ನನಗೆ ಈ ಚರಿತ್ರೆಯಲ್ಲಿ ಸಿಕ್ಕಿತು.

ಕುಡಿತದ ಪಿಡುಗಿಗೆ ದೇಶಗಳು ಸಾಮಾನ್ಯವಾಗಿ ಕಂಡುಕೊಂಡ ಉತ್ತರ ಕಾಯಿದೆ. ಅಮೆರಿಕದವರು 1920ರಲ್ಲಿ ಸಂವಿಧಾನವನ್ನೇ ತಿದ್ದಿ ಮದ್ಯವನ್ನು ನಿಷೇಧಿಸಿದರು. 1933ರಲ್ಲಿ ಮತ್ತೊಮ್ಮೆ ತಿದ್ದಿ ಆ ನಿಷೇಧವನ್ನು ತೆಗೆದುಹಾಕಿದರು. ನಮ್ಮಲ್ಲಿ ಪಾನನಿರೋಧ ಸ್ವಾತಂತ್ರ್ಯ ಹೋರಾಟದ ಒಂದು ಅಂಗವೇ ಆಗಿತ್ತು. 1939ರಲ್ಲಿ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದ್ದನ್ನು ಹಿರಿಯರು ಹೇಳುತ್ತಿದ್ದರು. ಸ್ವತಂತ್ರ ಭಾರತದ ಸಂವಿಧಾನದ 47ನೆಯ ವಿಧಿಯಲ್ಲಿ ಪಾನನಿರೋಧದ ಆಶಯ ಸೇರಿತು. ಹಳೆಯ ಮೈಸೂರಿನ ಹಲವು ಜಿಲ್ಲೆಗಳಲ್ಲಿ ನಿರೋಧ ಬಂದಿತು, 1967ರಲ್ಲಿ ಹೋಯಿತು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಜಾಗದಲ್ಲಿ ಬೇರೆ ಸೀಸೆಗಳು ಬಂದವು. ಈ ಪ್ರಯತ್ನಗಳನ್ನು ನಾನು ಹಳಿಯುತ್ತಿಲ್ಲ. ಅವೆಲ್ಲ ಹೆಂಡದೊಡನೆ ಹೂಡಿದ ಯುದ್ಧಗಳು. ಕುಡುಕನೊಡನೆ ಕುಳಿತು ಮಾತಾಡುವ ಕೆಲಸ ಅವುಗಳ ಪಾಲಿಗೆ ಬಂದಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಆ ಕೆಲಸವನ್ನು ಮೊದಲು ಕೈಗೆತ್ತಿಕೊಂಡವರು ಪಾದ್ರಿಗಳಲ್ಲ, ವೈದ್ಯರಲ್ಲ, ಸರಕಾರದವರೂ ಅಲ್ಲ, ಕುಡುಕರೇ. 1840ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಒಂದು ಪಾನಗೃಹದಲ್ಲಿ ಕೂಡಿದ್ದ ಆರು ಮಂದಿ ಗೆಳೆಯರು, ಇನ್ನು ಮುಂದೆ ತಾವು ಕುಡಿಯುವುದಿಲ್ಲವೆಂದು ಕಾಗದಕ್ಕೆ ರುಜು ಹಾಕಿದರು. ತಮ್ಮ ಸಂಘಕ್ಕೆ ದೇಶದ ಮೊದಲನೆಯ ಅಧ್ಯಕ್ಷ ವಾಷಿಂಗ್ಟನ್ನರ ಹೆಸರಿಟ್ಟರು. ಪ್ರತಿಯೊಬ್ಬನೂ ಮುಂದಿನ ಸಭೆಗೆ ಒಬ್ಬ ಕುಡುಕನನ್ನು ಕರೆತರಬೇಕು. ಸಭೆಯಲ್ಲಿ ಉಪದೇಶ ಕೂಡದು, ತನ್ನ ಕಥೆಯನ್ನೇ ಹೇಳಬೇಕು. ಇಷ್ಟೇ ಅವರ ಕ್ರಮ. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಅವರ ಪ್ರತಿಜ್ಞೆಗೆ ರುಜು ಹಾಕಿದರು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಈ ಸಂಘದವರ ಮುಂದೆ ಮೂವತ್ತಮೂರು ವರ್ಷದ ಒಬ್ಬ ವಕೀಲ ಭಾಷಣ ಮಾಡಿದ. ಕುಡುಕನನ್ನು ಬಯ್ದು ತಿದ್ದಲಾಗದು, ಅವನಿಗೆ ಗೆಳೆಯನೆಂದು ತೋರಿದರೆ ಮಾತ್ರ ಅವನು ಕಿವಿಗೊಟ್ಟಾನು ಎಂಬುದು ಆ ಭಾಷಣದ ತಾತ್ಪರ್ಯ. ಆ ವಕೀಲ ಏಬ್ರಹಾಂ ಲಿಂಕನ್.

ಅಷ್ಟು ಬೇಗ ಬೆಳೆದದ್ದು ಅಷ್ಟೇ ಬೇಗ ಕುಸಿಯಿತು. ಸಂಘದೊಳಕ್ಕೆ ರಾಜಕೀಯ ನುಗ್ಗಿತು. ಪಾನನಿರೋಧದ ಕಾಯಿದೆ ಬೇಕೇ ಬೇಡವೇ ಎಂಬ ಜಗಳ ಹತ್ತಿತು. ಭಾಷಣಕಾರರು ಊರೂರಿಗೆ ಹೆಸರಾದರು, ಹೆಸರಾದವರಲ್ಲಿ ಕೆಲವರು ಮತ್ತೆ ಕುಡಿದು ಸಿಕ್ಕಿಬಿದ್ದರು. ದಶಕವೊಂದು ಕಳೆಯುವಷ್ಟರಲ್ಲಿ, ಬಿಟ್ಟವರ ಸಭೆ ಎಲ್ಲಿದೆಯೆಂದು ಕೇಳಿದರೆ ಉತ್ತರ ಹೇಳುವವರೇ ಇಲ್ಲವಾದರು. ಈ ವೈಫಲ್ಯವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಗೆ ಇದೇ ಕೀಲಿಕೈ.

ಮುಂದಿನ ಕಥೆ ನಡೆದದ್ದು ಸುಮಾರು ತೊಂಬತ್ತು ವರ್ಷಗಳ ಅನಂತರ. ನ್ಯೂಯಾರ್ಕಿನಲ್ಲಿ ವಿಲಿಯಂ ವಿಲ್ಸನ್ ಎಂಬ ಷೇರು ದಲ್ಲಾಳಿಯಿದ್ದ. ಬುದ್ಧಿವಂತ, ಮಾತುಗಾರ, ಆದರೆ ಕುಡಿತದಿಂದ ಉದ್ಯೋಗ, ಮಾನ, ಹಣ ಎಲ್ಲವನ್ನೂ ಕಳೆದುಕೊಂಡಿದ್ದ. ಹೆಂಡತಿ ಲೋಯಿಸ್ ಅಂಗಡಿಯಲ್ಲಿ ದುಡಿದು ಮನೆ ನಡೆಸುತ್ತಿದ್ದಳು. 1934ರ ನವೆಂಬರಿನಲ್ಲಿ ಹಳೆಯ ಗೆಳೆಯನೊಬ್ಬ ಅವನ ಮನೆಗೆ ಬಂದ. ಹಿಂದೆ ಜೊತೆಯಲ್ಲಿ ಕುಡಿದವನು. ಅಡಿಗೆಮನೆಯ ಮೇಜಿನ ಮೇಲೆ ವಿಲ್ಸನ್ ಅನಾನಸಿನ ರಸಕ್ಕೆ ಜಿನ್ ಬೆರೆಸಿ ಮುಂದಿಟ್ಟರೆ ಗೆಳೆಯ ಬೇಡವೆಂದ. ತಾನೊಂದು ಧಾರ್ಮಿಕ ಕೂಟವನ್ನು ಸೇರಿ ಬಿಟ್ಟೆನೆಂದು ಹೇಳಿದ. ಅದರ ಮುಂದಿನ ತಿಂಗಳು ವಿಲ್ಸನ್ ನಾಲ್ಕನೆಯ ಸಲ ಆಸ್ಪತ್ರೆ ಸೇರಿದ. ಅಲ್ಲಿಂದ ಹೊರಬಂದ ಮೇಲೆ ಅವನು ಸಾಯುವವರೆಗೂ, ಎಂದರೆ 1971ರ ಜನವರಿಯವರೆಗೂ, ಕುಡಿಯಲಿಲ್ಲ.

ಹೊರಬಂದವನು ಸುಮ್ಮನೆ ಕೂರಲಿಲ್ಲ. ಕಂಡಕಂಡ ಕುಡುಕರನ್ನೆಲ್ಲ ಉದ್ಧರಿಸಲು ಹೊರಟ. ಆರು ತಿಂಗಳು ಉಪದೇಶ ಮಾಡಿದರೂ ಒಬ್ಬನೂ ಬಿಡಲಿಲ್ಲ. ಆಗ ಅವನಿಗೆ ಚಿಕಿತ್ಸೆ ಕೊಟ್ಟಿದ್ದ ವೈದ್ಯ ಸಿಲ್ಕ್‌ವರ್ತ್ ಬುದ್ಧಿ ಹೇಳಿದರು: ಉಪದೇಶ ಸಾಕು, ಇದೊಂದು ರೋಗವೆಂಬುದನ್ನು ಮೊದಲು ಹೇಳು, ನೀನು ಪಟ್ಟದ್ದನ್ನು ಹೇಳು. ಒಂದು ಸಂಗತಿ ಮಾತ್ರ ನಿಜವಾಗಿ ಉಳಿದಿತ್ತು. ಯಾರೂ ಬಿಡದಿದ್ದರೂ, ಇನ್ನೊಬ್ಬರೊಡನೆ ಮಾತಾಡುತ್ತಿದ್ದಷ್ಟು ದಿನ ತಾನು ಕುಡಿದಿರಲಿಲ್ಲ!

1935ರ ಮೇ ತಿಂಗಳಲ್ಲಿ ಒಂದು ಕಂಪೆನಿಯ ಆಡಳಿತವನ್ನು ಷೇರುದಾರರ ಮತಗಳಿಂದ ಕೈವಶ ಮಾಡಿಕೊಳ್ಳುವ ವ್ಯವಹಾರಕ್ಕಾಗಿ ವಿಲ್ಸನ್ ಒಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಬಂದ. ರಬ್ಬರು ಕಾರ್ಖಾನೆಗಳ ಊರು ಅದು. ವ್ಯವಹಾರ ಮುರಿದುಬಿತ್ತು, ಜೊತೆಯವರು ಹೊರಟುಹೋದರು, ಜೇಬಿನಲ್ಲಿ ಹತ್ತು ಡಾಲರಿನಷ್ಟು ಹಣ ಮಾತ್ರ. ಮೇ 11, ಶನಿವಾರ. ಮೇಫ್ಲವರ್ ಎಂಬ ಹೋಟೆಲಿನ ಮೊಗಸಾಲೆಯಲ್ಲಿ ಅವನೊಬ್ಬನೇ ಶತಪಥ ಹಾಕುತ್ತಿದ್ದ. ಒಂದು ಕೊನೆಯಲ್ಲಿ ಪಾನಗೃಹ; ಅಲ್ಲಿಂದ ನಗು, ಮಾತು, ಗಾಜಿನ ಸದ್ದು. ಇನ್ನೊಂದು ಕೊನೆಯಲ್ಲಿ ಟೆಲಿಫೋನು, ಅದರ ಬಳಿ ಊರಿನ ಚರ್ಚುಗಳ ಹೆಸರಿನ ಪಟ್ಟಿ. ಈ ಊರಿನಲ್ಲಿ ನನ್ನಂಥ ಇನ್ನೊಬ್ಬ ಕುಡುಕ ಸಿಕ್ಕಿ ಅವನೊಡನೆ ಮಾತಾಡದಿದ್ದರೆ ನಾನು ಉಳಿಯುವುದಿಲ್ಲ ಎಂದು ಅವನಿಗೆ ಹೊಳೆಯಿತು. ಪಟ್ಟಿಯಲ್ಲಿದ್ದ ಒಬ್ಬ ಪಾದ್ರಿಗೆ ಫೋನು ಮಾಡಿದ. ಅವರು ಕೆಲವು ಹೆಸರುಗಳನ್ನು ಕೊಟ್ಟರು. ಒಂದೊಂದಾಗಿ ಕರೆದ, ಒಬ್ಬರು ಊರಲ್ಲಿಲ್ಲ, ಒಬ್ಬರಿಗೆ ಬಿಡುವಿಲ್ಲ. ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯ ಬಳಿಗೆ ಹೋಗಿ ಮುಟ್ಟಿತು ಕರೆ. ಗುಡ್‌ಇಯರ್ ರಬ್ಬರು ಕಂಪೆನಿಯನ್ನು ಸ್ಥಾಪಿಸಿದವರ ಸೊಸೆ ಆಕೆ. ತನ್ನ ಪರಿಚಿತ ವೈದ್ಯನೊಬ್ಬನ ಕುಡಿತ ಬಿಡಿಸಬೇಕೆಂದು ಎಷ್ಟೋ ದಿನದಿಂದ ಪ್ರಾರ್ಥಿಸುತ್ತಿದ್ದವಳು. ಅಪರಿಚಿತನ ಕರೆಯನ್ನು ದೇವರು ಕಳಿಸಿದ ಉತ್ತರವೆಂದೇ ಭಾವಿಸಿದಳು.

ಆ ವೈದ್ಯನೇ ಡಾಕ್ಟರ್ ರಾಬರ್ಟ್ ಸ್ಮಿತ್. ಮುಂದೆ ಲೋಕವೆಲ್ಲ ಡಾಕ್ಟರ್ ಬಾಬ್ ಎಂದು ಕರೆದ ಶಸ್ತ್ರವೈದ್ಯ. ಆ ಶನಿವಾರ ಅವರು ಬರುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ತಾಯಂದಿರ ದಿನವೆಂದು ಹೆಂಡತಿಗೆ ಒಂದು ಹೂಗಿಡದ ಕುಂಡ ತಂದಿದ್ದರು. ಕುಂಡವನ್ನು ಮೇಜಿನ ಮೇಲಿಟ್ಟು ತಾವು ಮೇಜಿನ ಕೆಳಗೆ ಮಲಗಿದ್ದರಂತೆ. ಮರುದಿನ ಸಂಜೆ ಐದು ಗಂಟೆಗೆ ಬಂದರು. ತಲೆ ಸಿಡಿಯುತ್ತಿದೆ, ಕೈ ನಡುಗುತ್ತಿದೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲವೆಂದು ಮೊದಲೇ ಹೇಳಿಸಿಕೊಂಡಿದ್ದರು. ಎದ್ದದ್ದು ರಾತ್ರಿ ಹನ್ನೊಂದು ಗಂಟೆ ಮೀರಿದ ಮೇಲೆ.

ಆ ಆರು ಗಂಟೆಗಳಲ್ಲಿ ನಡೆದದ್ದೇನು? ಡಾಕ್ಟರು ಪ್ರಾರ್ಥನಾ ಕೂಟಗಳಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹೋದವರು. ಮದ್ಯದ ವಿಷಯವಾಗಿ ಬರೆದದ್ದನ್ನೆಲ್ಲ ಓದಿದವರು. ಅವರಿಗೆ ಗೊತ್ತಿಲ್ಲದ ಹೊಸ ವಿಷಯವನ್ನೇನೂ ವಿಲ್ಸನ್ ಹೇಳಲಿಲ್ಲ. ಆದರೆ ಅವನು ಡಾಕ್ಟರನ್ನು ತಿದ್ದಲು ಬಂದವನಂತೆ ಮಾತಾಡಲಿಲ್ಲ. ತಾನು ಉಳಿಯುವುದಕ್ಕೆ ನೀವು ಬೇಕು ಎಂದ. ತಾನು ಕುಡಿದದ್ದು, ಸುಳ್ಳು ಹೇಳಿದ್ದು, ಹೆಂಡತಿಯ ಕಣ್ಣೀರು, ಬೆಳಗಿನ ನಡುಕ—ಎಲ್ಲವನ್ನೂ ಬಿಚ್ಚಿಟ್ಟ. ಕುಡಿತವನ್ನು ಅನುಭವಿಸಿ ಬಲ್ಲ ಒಬ್ಬನೊಡನೆ ತಾವು ಮಾತಾಡಿದ್ದು ಅದೇ ಮೊದಲೆಂದು ಡಾಕ್ಟರು ಮುಂದೆ ಹೇಳಿಕೊಂಡರು. ಒಂದು ಸಲ ಅವರು ಮತ್ತೆ ಜಾರಿದರು. ಜೂನ್ 10ರಂದು, ಶಸ್ತ್ರಚಿಕಿತ್ಸೆಗೆ ಹೊರಟಾಗ ಕೈ ನಡುಗದಿರಲೆಂದು ವಿಲ್ಸನ್ ಕೊಟ್ಟ ಒಂದು ಬಾಟಲಿ ಬಿಯರೇ ಅವರ ಕೊನೆಯ ಪಾನ. 1950ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮುಟ್ಟಲಿಲ್ಲ. ಆ ಜೂನ್ 10ನ್ನೇ ಸಂಘ ತನ್ನ ಹುಟ್ಟುಹಬ್ಬವೆಂದು ಎಣಿಸುತ್ತದೆ.

ಇಬ್ಬರಾದರು, ಮೂರನೆಯವನು ಬೇಕಲ್ಲ! ಅವರೇ ಹುಡುಕಲು ಹೊರಟರು. ಊರಿನ ಆಸ್ಪತ್ರೆಯ ನರ್ಸಿಗೆ ಫೋನು ಮಾಡಿ, ನಿಮ್ಮಲ್ಲಿ ಯಾರಾದರೂ ಕುಡುಕರು ಇದ್ದಾರೆಯೇ ಎಂದು ಕೇಳಿದರು. ಇದ್ದಾರೆ, ನರ್ಸುಗಳನ್ನು ಹೊಡೆದು ಈಗ ಮಂಚಕ್ಕೆ ಕಟ್ಟಿಸಿಕೊಂಡು ಮಲಗಿದ್ದಾರೆ ಎಂದು ಉತ್ತರ ಬಂತು. ಅವನೊಬ್ಬ ವಕೀಲ. ಇಬ್ಬರೂ ಮಂಚದ ಪಕ್ಕದಲ್ಲಿ ಕುಳಿತು ತಂತಮ್ಮ ಕಥೆ ಹೇಳಿದರು. ಆತನೂ ಬಿಟ್ಟ. ಸಭೆಯನ್ನು ಹುಡುಕಿಕೊಂಡು ಕುಡುಕ ಬರುವುದಕ್ಕೆ ಮುಂಚೆ ಕುಡುಕನನ್ನು ಹುಡುಕಿಕೊಂಡು ಸಭೆಯೇ ಹೋದ ಕಾಲ ಅದು.

ಮೊದಲ ಕೂಟಗಳು ಮನೆಗಳಲ್ಲಿ ನಡೆದವು. ಆಕ್ರನ್ನಿನಲ್ಲಿ ಬುಧವಾರ, ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ವಿಲ್ಸನ್ ಮನೆಯಲ್ಲಿ ಮಂಗಳವಾರ. ಗೃಹಿಣಿಯರು ಕಾಫಿ ಕಾಯಿಸಿ ಕಾಯಿಸಿ ಕೊಟ್ಟರು. 1937ರ ಕೊನೆಗೆ ಇಬ್ಬರೂ ಕುಳಿತು ಲೆಕ್ಕ ಹಾಕಿದರೆ, ಬಿಟ್ಟು ನಿಂತವರು ನಲವತ್ತು ಮಂದಿ. ಎರಡೂವರೆ ವರ್ಷದ ದುಡಿಮೆಗೆ ನಲವತ್ತು ಅಲ್ಪವೆಂದು ತೋರಬಹುದು. ಆ ನಲವತ್ತು ಮನೆಗಳ ಹೆಂಗಸರನ್ನು ಕೇಳಿದ್ದರೆ ಅವರು ಬೇರೆ ಲೆಕ್ಕ ಹೇಳುತ್ತಿದ್ದರು.

ಹೀಗೆ ಒಬ್ಬೊಬ್ಬರನ್ನಾಗಿ ಮುಟ್ಟುತ್ತ ಹೋದರೆ ದೇಶಕ್ಕೆ ಮುಟ್ಟುವುದು ಯಾವಾಗ? ಅದಕ್ಕಾಗಿ ಪುಸ್ತಕ ಬರೆದರು. 1939ರ ಏಪ್ರಿಲಿನಲ್ಲಿ ಹೊರಬಂತು. ಕೊಟ್ಟ ಹಣಕ್ಕೆ ತಕ್ಕಂತೆ ತೂಕವಿರಲೆಂದು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿದರು. ಆ ಪುಸ್ತಕದ ಹೆಸರೇ ಸಂಘದ ಹೆಸರಾಯಿತು: ಆಲ್ಕೊಹಾಲಿಕ್ಸ್ ಅನಾನಿಮಸ್, ಹೆಸರು ಹೇಳದ ಮದ್ಯವ್ಯಸನಿಗಳು ಎಂದರ್ಥ. ಜೊತೆಗೆ ಒಂದು ವಿಳಾಸವೂ ಬೇಕಾಯಿತು. ಮನೆಯ ವಿಳಾಸ ಕೊಡುವಂತಿಲ್ಲ. ನ್ಯೂಯಾರ್ಕಿನ ಒಂದು ಅಂಚೆ ಪೆಟ್ಟಿಗೆ, ನಂಬರು 658, ಅದೇ ಆ ಸಂಘದ ಬಾಗಿಲು.

ಬಾಗಿಲು ತೆರೆದು ಕುಳಿತರು, ಯಾರೂ ಬರಲಿಲ್ಲ. ರೇಡಿಯೋದಲ್ಲಿ ಒಬ್ಬ ಸದಸ್ಯ ಮಾತಾಡುವ ಏರ್ಪಾಡಾಯಿತು. ಅಷ್ಟರೊಳಗೆ ಆತ ಎಲ್ಲಿ ಕುಡಿದುಬಿಡುತ್ತಾನೋ ಎಂದು ಹೆದರಿ, ದಿನಗಟ್ಟಲೆ ಕೋಣೆಯಲ್ಲಿಟ್ಟು ಕಾದರು. ಆ ಭಾಷಣಕ್ಕೆ ಮುಂಚೆ ವೈದ್ಯರಿಗೆ ಇಪ್ಪತ್ತು ಸಾವಿರ ಕಾರ್ಡು ಹಾಕಿದರು. ಉತ್ತರಗಳನ್ನು ತರಲೆಂದು ವಿಲ್ಸನ್ ಪೆಟ್ಟಿಗೆಗಳನ್ನು ಹಿಡಿದುಕೊಂಡು ಅಂಚೆಕಚೇರಿಗೆ ಹೋದ. ಬಂದಿದ್ದದ್ದು ಒಂದು ಡಜನ್ ಕಾರ್ಡು. ಪುಸ್ತಕ ಬೇಕೆಂದು ಬರೆದಿದ್ದವರು ಇಬ್ಬರು.

ಕೊನೆಗೆ ದಾರಿ ತೋರಿಸಿದ್ದು ಪತ್ರಿಕೆ. ಪತ್ರಿಕೆಯ ಪುಟದಲ್ಲಿ ಇದನ್ನು ಬರೆಯುವಾಗ ನನಗೆ ಕೊಂಚ ಹೆಮ್ಮೆಯಾದರೆ ವಾಚಕರು ಮನ್ನಿಸಬೇಕು. 1939ರ ಅಕ್ಟೋಬರಿನಲ್ಲಿ ಕ್ಲೀವ್‌ಲೆಂಡಿನ ಪ್ಲೇನ್ ಡೀಲರ್ ಪತ್ರಿಕೆ ಈ ಸಂಘದ ವಿಷಯವಾಗಿ ಲೇಖನಮಾಲೆ ಪ್ರಕಟಿಸಿತು. ನೂರಾರು ಜನ ಬೆರಳೆಣಿಕೆಯ ಸದಸ್ಯರ ಮೇಲೆ ಮುಗಿಬಿದ್ದರು. ಬಿಟ್ಟು ತಿಂಗಳೂ ಕಳೆಯದವನು ಇನ್ನೊಬ್ಬನಿಗೆ ಕೈಹಿಡಿದು ದಾರಿ ತೋರಿಸಬೇಕಾಯಿತು. ಆಶ್ಚರ್ಯವೆಂದರೆ, ಹಾಗೆ ಮಾಡಿದವರೇ ಗಟ್ಟಿಯಾಗಿ ನಿಂತರು. 1941ರ ಮಾರ್ಚ್ 1ರಂದು ಸ್ಯಾಟರ್‌ಡೇ ಈವನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಜಾಕ್ ಅಲೆಗ್ಸಾಂಡರ್ ಬರೆದ ಲೇಖನ ಬಂತು. ಇದೆಲ್ಲ ಬೂಟಾಟಿಕೆಯಿರಬೇಕೆಂಬ ಅನುಮಾನದಿಂದಲೇ ವಿಚಾರಣೆಗೆ ಹೊರಟ ವರದಿಗಾರ ಆತ. ಕಣ್ಣಾರೆ ಕಂಡ ಮೇಲೆ ಮನಸ್ಸು ತಿರುಗಿತು. ಆ ವರ್ಷದ ಆರಂಭದಲ್ಲಿ ಎರಡು ಸಾವಿರವಿದ್ದ ಸದಸ್ಯರು ವರ್ಷದ ಕೊನೆಗೆ ಎಂಟು ಸಾವಿರವಾದರು. ಅಂಚೆ ಪೆಟ್ಟಿಗೆಗೆ ಸಾವಿರಾರು ಕಾಗದ ಬಂದವು. ನಮ್ಮೂರಿನಲ್ಲಿ ಸಭೆ ಎಲ್ಲಿ ನಡೆಯುತ್ತದೆ ಎಂಬುದೇ ಬಹುಪಾಲು ಕಾಗದಗಳ ಪ್ರಶ್ನೆ. ಇಲ್ಲವೆಂದಾದರೆ, ಊರೂರು ತಿರುಗುವ ವ್ಯಾಪಾರಿ ಸದಸ್ಯರ ಕೈಯಲ್ಲಿ ಹೆಸರುಗಳ ಪಟ್ಟಿ ಕೊಟ್ಟು ಕಳಿಸುತ್ತಿದ್ದರು. ಒಬ್ಬ ಬರೆದ ಕಾಗದ, ಒಬ್ಬ ತಟ್ಟಿದ ಬಾಗಿಲು. ಅಷ್ಟಾದರೆ ಅಲ್ಲೊಂದು ಸಭೆ.

ಹಣದ ವಿಷಯ ಒಂದು ಮಾತು ಹೇಳಬೇಕು. ಆರಂಭದಲ್ಲಿ ಈ ಜನ ಆಸ್ಪತ್ರೆಗಳನ್ನು ಕಟ್ಟುವ ಕನಸು ಕಂಡು, 1938ರಲ್ಲಿ ಕೋಟ್ಯಧೀಶ ರಾಕ್‌ಫೆಲರರ ಬಳಿ ಐವತ್ತು ಸಾವಿರ ಡಾಲರ್ ಬೇಡಿದ್ದರು. ಅವರು ಐದು ಸಾವಿರ ಮಾತ್ರ ಕೊಟ್ಟು, ಹಣ ಬಂದರೆ ನಿಮ್ಮ ಕೆಲಸ ಕೆಟ್ಟೀತು ಎಂದರು. ಅಂದು ಕಹಿಯಾದ ಆ ಮಾತೇ ಮುಂದೆ ನಿಯಮವಾಯಿತು. 1946ರಲ್ಲಿ ಬರೆದು 1950ರಲ್ಲಿ ಕ್ಲೀವ್‌ಲೆಂಡಿನ ಮಹಾಸಭೆ ಒಪ್ಪಿದ ಹನ್ನೆರಡು ಸಂಪ್ರದಾಯಗಳನ್ನು ಓದಿದರೆ, ವಾಷಿಂಗ್ಟನ್ ಸಂಘ ಜಾರಿಬಿದ್ದ ಒಂದೊಂದು ಮೆಟ್ಟಿಲಿನ ಮೇಲೂ ಇವರು ಎಚ್ಚರದಿಂದ ಕಾಲಿಟ್ಟದ್ದು ಕಾಣುತ್ತದೆ. ಹೊರಗಿನವರಿಂದ ಹಣ ಕೂಡದು. ಪಾನನಿರೋಧವೂ ಸೇರಿ ಹೊರಗಿನ ಯಾವ ವಿವಾದದಲ್ಲೂ ಸಂಘ ಬಾಯಿ ಹಾಕಕೂಡದು. ಪತ್ರಿಕೆ, ರೇಡಿಯೋ, ಸಿನಿಮಾಗಳಲ್ಲಿ ಸದಸ್ಯನು ತನ್ನ ಪೂರ್ತಿ ಹೆಸರನ್ನು ಹೊರಗೆಡಹಕೂಡದು. ಸದಸ್ಯನಾಗುವುದಕ್ಕೆ ಬೇಕಾದ ಅರ್ಹತೆ ಒಂದೇ, ಬಿಡಬೇಕೆಂಬ ಆಸೆ. ಬಿಟ್ಟಿರಬೇಕು ಎಂದಲ್ಲ, ಬಿಡಬೇಕೆಂಬ ಆಸೆಯಿರಬೇಕು, ಅಷ್ಟೆ. ಸಂಸ್ಥೆಗಳ ಚರಿತ್ರೆಯಲ್ಲಿ ಇಷ್ಟು ತಗ್ಗಿದ ಹೊಸ್ತಿಲನ್ನು ನಾನು ಬೇರೆಲ್ಲೂ ಕಾಣೆ.

ಭಾರತಕ್ಕೆ ಈ ಕೂಟ ಬಂದು ಬೇರೂರಿದ್ದು 1957ರಲ್ಲಿ, ಮುಂಬಯಿಯಲ್ಲಿ. ಚರಿತ್ರೆಗೆ ವ್ಯಂಗ್ಯವೆಂದರೆ ಬಲು ಪ್ರೀತಿ. 1949ರ ಪಾನನಿರೋಧದ ಕಾಯಿದೆ ಆಗ ಮುಂಬಯಿಯಲ್ಲಿ ಜಾರಿಯಲ್ಲಿತ್ತು. ಪರವಾನಗಿಯಿಲ್ಲದೆ ಒಂದು ಹನಿ ಮುಟ್ಟುವಂತಿರಲಿಲ್ಲ. ಎಂದರೆ, ಕಾನೂನಿನ ಪ್ರಕಾರ ಯಾರೂ ಕುಡಿಯದ ಊರಿನಲ್ಲಿ ಕುಡಿತ ಬಿಡುವವರ ಮೊದಲ ಸಂಘ ಹುಟ್ಟಿತು! ನಮ್ಮ ಬೆಂಗಳೂರಿನಲ್ಲಿ ಈಗ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಕೂಟಗಳು ನಡೆಯುತ್ತವೆ. ಲೋಕದ ಸುಮಾರು 180 ದೇಶಗಳಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಂಪುಗಳಿವೆಯೆಂದು ಸಂಘದವರೇ ಅಂದಾಜು ಮಾಡಿದ್ದಾರೆ.

ನನಗೆ ಈ ಚರಿತ್ರೆಯ ಪರಿಚಯವಾದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಬ್ಬ ಗೃಹಿಣಿ ಸಂಜೆಯ ಹೊತ್ತು ಬಂದು, ಜಗಲಿಯ ಮೇಲೆ ಕೂರದೆ ನಿಂತೇ, “ಮೇಷ್ಟ್ರೇ, ಕುಡಿಯೋದು ಬಿಟ್ಟೋರು ಸೇರೋ ಸಭೆ ಅಂತ ಒಂದಿದೆಯಂತಲ್ಲ, ಅದು ಎಲ್ಲಿ ಅಂತ ವಿಚಾರಿಸಿ ಹೇಳ್ತೀರಾ? ನಾನು ಕೇಳಿದರೆ ಬೀದಿಗೆಲ್ಲಾ ಗೊತ್ತಾಗುತ್ತೆ” ಎಂದರು. ಅವರ ಯಜಮಾನರು ಒಳ್ಳೆಯ ಕೆಲಸದಲ್ಲಿದ್ದವರು, ನಾಲ್ಕು ಜನರಲ್ಲಿ ಮಾನ ಪಡೆದವರು. ಸಂಜೆಯಾದ ಮೇಲೆ ಆ ಮನೆಯ ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದುದು ಸೊಳ್ಳೆಗಾಗಿ ಅಲ್ಲವೆಂದು ನಮಗೆಲ್ಲ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದೆವು. ಮಧ್ಯಮ ವರ್ಗದ ಬೀದಿಗಳಲ್ಲಿ ಅದೇ ಸಭ್ಯತೆ.

ಪರಿಚಯದ ಒಬ್ಬ ಡಾಕ್ಟರಿಂದ ಒಂದು ಫೋನ್ ನಂಬರು ಸಿಕ್ಕಿತು. ಕರೆ ಮಾಡಿದೆ. ಆ ಕಡೆಯ ದನಿ ಮೆತ್ತಗೆ, “ಯಾರಿಗೆ ಸಾರ್, ತಮಗೋ?” ಎಂದಿತು. ನನಗಲ್ಲ ಎಂದೆ. “ಪರವಾಗಿಲ್ಲ, ಎಲ್ಲರೂ ಮೊದಲು ಹಾಗೇ ಹೇಳ್ತಾರೆ” ಎಂದು ಆತ ನಕ್ಕರು. ನಿಜವಾಗಿಯೂ ನೆರೆಯವರಿಗಾಗಿ ಎಂದು ವಿವರಿಸಿದ ಮೇಲೆ, “ಅವರೇ ಒಂದು ಮಾತು ಕರೆ ಮಾಡಲಿ ಸಾರ್. ನಾವು ಯಾರನ್ನೂ ಎಳೆದು ತರೋಲ್ಲ. ಆದರೆ ಮನೆಯವರಿಗೆ ಬೇರೆ ಕೂಟ ಇದೆ, ಅವರು ಬಿಡಲಿ ಬಿಡದಿರಲಿ, ಆ ತಾಯಿ ಇವತ್ತೇ ಬರಬಹುದು” ಎಂದರು. ಆ ಮಾತು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ರೋಗ ಒಬ್ಬನದಾದರೂ ನರಳುವುದು ಮನೆಯೆಲ್ಲ. ಅವರ ಪಾಡನ್ನು ಕೇಳುವವರು ಯಾರು? ಆ ಕೊರತೆಯನ್ನು ಮೊದಲು ಕಂಡವಳು ವಿಲ್ಸನ್ನನ ಹೆಂಡತಿ ಲೋಯಿಸ್. 1951ರಲ್ಲಿ ಅವಳು ಆರಂಭಿಸಿದ ಅಲ್-ಆನನ್ ಎಂಬ ಕುಟುಂಬದವರ ಕೂಟವೇ ಆತ ಹೇಳಿದ್ದು.

ಆ ಮನೆಯಲ್ಲಿ ಮೊದಲು ಹೊಸ್ತಿಲು ದಾಟಿದವರು ಆ ಗೃಹಿಣಿಯೇ. ಯಜಮಾನರು ಹೋಗುವುದಕ್ಕೆ ಇನ್ನೂ ಎಂಟು ತಿಂಗಳು ಹಿಡಿಯಿತು. ಹೊರಗಿನವರೂ ಬರಬಹುದಾದ ತೆರೆದ ಸಭೆಯೆಂದು ಕೇಳಿ ಜೊತೆಗೆ ನಾನೂ ಹೋದೆ. ಒಂದು ಶಾಲೆಯ ಹಿಂಭಾಗದ ಕೋಣೆ. ಮಕ್ಕಳ ಬೆಂಚುಗಳು, ಗೋಡೆಯ ಮೇಲೆ ಮಗ್ಗಿಯ ಪಟ. ಹಲಗೆಯಿಲ್ಲ, ಗೇಟಿನ ಬಳಿ ಒಬ್ಬರು ನಿಂತಿದ್ದರು, ಅಷ್ಟೆ. ನಮ್ಮನ್ನು ಕಂಡು ಏನನ್ನೂ ಕೇಳದೆ ಒಳಗೆ ಕೈ ತೋರಿಸಿದರು. ಆಟೋ ಓಡಿಸುವವರ ಪಕ್ಕದಲ್ಲಿ ಎಂಜಿನಿಯರು, ಅವರ ಪಕ್ಕದಲ್ಲಿ ಮದುವೆಯಾಗದ ಹುಡುಗ. ಒಬ್ಬೊಬ್ಬರಾಗಿ ಎದ್ದು, ಹೆಸರು ಹೇಳಿ, ತಾನು ಮದ್ಯವ್ಯಸನಿಯೆಂದು ಹೇಳಿ, ತನ್ನ ಕಥೆ ಹೇಳುತ್ತಿದ್ದರು. ನಡುನಡುವೆ ನಗು! ಅಳುವಿನ ಕೋಣೆಯೆಂದು ನಾನು ಭಾವಿಸಿಕೊಂಡಿದ್ದೆ. ಕೊನೆಗೆ ಒಂದು ಚೀಲ ಸುತ್ತಿ ಬಂತು, ಕೊಡಬಲ್ಲವರು ಕೊಟ್ಟರು. ಬಾಡಿಗೆಗೂ ಚಹಾಕ್ಕೂ ಅದೇ ಹಣ. ಅಲ್ಲಿ ಕೇಳಿದ ಕಥೆಗಳನ್ನು ಇಲ್ಲಿ ಬರೆಯಲಾರೆ. ಅವು ಆ ಕೋಣೆಗೆ ಸೇರಿದವು. ಜನ್ಮಪೂರ್ತಿ ಬಿಡುತ್ತೇನೆಂದು ಒಬ್ಬರೂ ಆಣೆಯಿಡಲಿಲ್ಲ ಎಂದಷ್ಟೇ ಹೇಳಬಲ್ಲೆ. ಇವತ್ತು ಒಂದು ದಿನ ಕುಡಿಯುವುದಿಲ್ಲ; ನಾಳೆಯದು ನಾಳೆಗೆ. ದೇವರ ಮುಂದೆ ಕರ್ಪೂರ ಹಚ್ಚಿ ಜೀವಮಾನದ ಆಣೆಯಿಟ್ಟು ವಾರದಲ್ಲಿ ಮುರಿದವರನ್ನು ಬಲ್ಲ ನನಗೆ, ಈ ಸಣ್ಣ ಆಣೆಯ ಶಕ್ತಿ ಹೊಸದಾಗಿ ಕಂಡಿತು.

ನಮ್ಮ ನಾಡಿಗೆ ಇದು ಪೂರ್ತಿ ಪರಕೀಯವೆಂದು ನನಗೆ ಅನ್ನಿಸಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬೇರೆಬೇರೆ ಕಾಯಕದವರು ಒಂದೆಡೆ ಕುಳಿತು ಶಾಸ್ತ್ರದ ಬದಲು ತಮ್ಮ ಅನುಭವವನ್ನೇ ಮುಂದಿಟ್ಟು ಮಾತಾಡಿದರು. ಹೆಂಡದ ಕಾಯಕದಿಂದ ಬಂದ ಮಾರಯ್ಯನೂ ಅವರಲ್ಲೊಬ್ಬ ಶರಣ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ; ತನ್ನ ಬಾಳನ್ನು ನಾಲ್ಕು ಜನರೆದುರು ಬಿಚ್ಚಿಡುವುದರಲ್ಲಿ ಒಂದು ಬಿಡುಗಡೆಯಿದೆಯೆಂಬ ಅರಿವು ನಮಗೂ ಹಳೆಯದು ಎನ್ನುತ್ತಿದ್ದೇನೆ. ಈಚಿನ ದಶಕಗಳಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಸರೆಯಲ್ಲಿ ನಡೆಯುತ್ತಿರುವ ಮದ್ಯವರ್ಜನ ಶಿಬಿರಗಳನ್ನು ನೋಡಿ. ಊರಿನ ನಡುವೆ ಶಿಬಿರ. ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನಡೆಸುವ ನವಜೀವನ ಸಮಿತಿ. ಇಲ್ಲಿ ಹೆಸರು ಮುಚ್ಚಿಡುವುದಿಲ್ಲ. ಊರವರ ಎದುರಿಗೇ ಬಿಡುವುದು. ನಗರದವನಿಗೆ ಹೆಸರು ಮರೆಯಾದರೆ ಧೈರ್ಯ, ಹಳ್ಳಿಯವನಿಗೆ ಊರೇ ಸಾಕ್ಷಿಯಾದರೆ ಧೈರ್ಯ. ದಾರಿ ಎರಡಾದರೂ ಒಬ್ಬನೇ ನಡೆಯಲಾಗದು ಎಂಬ ತಿಳುವಳಿಕೆ ಒಂದೇ.

ಆಕ್ಷೇಪಣೆಗಳೂ ಇವೆ. ದೇವರ ಹೆಸರು ಅಲ್ಲಿ ಬಹಳವಾಗಿ ಬರುತ್ತದೆಂದು ಕೆಲವರು ಹಿಂಜರಿಯುತ್ತಾರೆ. ಆ ಜಗಳ ಮೊದಲ ದಿನಗಳಲ್ಲೇ ನಡೆಯಿತು; ನ್ಯೂಯಾರ್ಕಿನ ನಾಸ್ತಿಕ ಸದಸ್ಯರ ಹಟದಿಂದ, ದೇವರೆಂಬ ಮಾತಿನ ಜೊತೆಗೆ ‘ನಾವು ಅವನನ್ನು ಅರಿತುಕೊಂಡಂತೆ’ ಎಂಬ ಮಾತು ಸೇರಿತು. ಆ ಮಾತಿನ ಆಸರೆಯಲ್ಲೇ ಎಲ್ಲ ಮತದವರೂ, ಮತವಿಲ್ಲದವರೂ ಕೂರುತ್ತಾರೆ. ಇದರಿಂದ ನಿಜವಾಗಿ ಗುಣವುಂಟೇ ಎಂಬುದು ಎರಡನೆಯ ಪ್ರಶ್ನೆ. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಪಾಲ್ಗೊಂಡ 27 ಅಧ್ಯಯನಗಳನ್ನು ಕೋಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು 2020ರಲ್ಲಿ ತೂಗಿ ನೋಡಿತು. ಪೂರ್ತಿಯಾಗಿ ಬಿಟ್ಟು ನಿಲ್ಲುವ ವಿಷಯದಲ್ಲಿ, ಕ್ರಮಬದ್ಧವಾಗಿ ಈ ಕೂಟಗಳ ಕಡೆಗೆ ಕರೆದೊಯ್ಯುವ ಚಿಕಿತ್ಸೆ ಇತರ ಪ್ರಸಿದ್ಧ ಮನೋಚಿಕಿತ್ಸೆಗಳಿಗಿಂತ ಮೇಲಾಗಿಯೇ ಕಂಡಿತು. ಹಾಗೆಂದು ಎಲ್ಲರಿಗೂ ಇದೊಂದೇ ಮದ್ದಲ್ಲ. ಬಹುಕಾಲ ವಿಪರೀತವಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರ, ಭ್ರಮೆ ಬಂದು ಪ್ರಾಣಕ್ಕೇ ಮುಳುವಾಗಬಹುದು. ಅಂಥವನು ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ವೈದ್ಯ ದೇಹವನ್ನು ದಡ ಮುಟ್ಟಿಸುತ್ತಾನೆ. ದಡದ ಮೇಲೆ ಜೊತೆಗೆ ನಡೆಯುವುದು ಕೂಟದ ಕೆಲಸ.

2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿ ಬಂದು ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಮದ್ಯದಂಗಡಿಗಳೂ ಮುಚ್ಚಿದವು, ಬಿಟ್ಟವರ ಕೋಣೆಗಳೂ ಮುಚ್ಚಿದವು. ಆಗ ಸಭೆ ಕೈಯಲ್ಲಿನ ಫೋನಿನೊಳಕ್ಕೆ ಬಂತು. ಗಾಜಿನ ಮೇಲೆ ಬೆರಳಗಲದ ಮುಖಗಳು, ಅದೇ ಮಾತು, ಅದೇ ಕಥೆ. ಮುಂದೆ ಕೋಣೆಗಳು ತೆರೆದರೂ ಆ ಗಾಜಿನ ಸಭೆಗಳು ನಿಲ್ಲಲಿಲ್ಲ. ಮನೆ ಬಿಟ್ಟು ಬರಲಾಗದ ಹೆಂಗಸರಿಗೆ, ಪರಸ್ಥಳದಲ್ಲಿರುವವರಿಗೆ ಅವೇ ಬಾಗಿಲಾದವು. ಹೋಟೆಲಿನ ಮೊಗಸಾಲೆಯ ಫೋನಿನಿಂದ ಆರಂಭವಾದದ್ದು ಮತ್ತೆ ಫೋನಿಗೇ ಬಂದು ನಿಂತಿತು.

ಇಷ್ಟಾದರೂ, ವಿಳಾಸ ಸಿಕ್ಕುವುದು ಇಂದು ಕಷ್ಟವಲ್ಲದಿದ್ದರೂ, ಕೇಳುವುದು ಇಂದಿಗೂ ಕಷ್ಟವೇ. ಹೆಂಡದಂಗಡಿಗೆ ಹೋಗುವಾಗ ನಾಚದವನು ಬಿಟ್ಟವರ ಮನೆಗೆ ಹೋಗುವಾಗ ನಾಚುತ್ತಾನೆ. ಅವನ ಮನೆಯವರು ಅವನಿಗಿಂತ ಹೆಚ್ಚು ನಾಚುತ್ತಾರೆ. ಆ ನಾಚಿಕೆಯನ್ನು ಅವರ ಮೇಲೆ ಹೊರಿಸಿದವರು ನಾವು, ಗೊತ್ತಿಲ್ಲದವರಂತೆ ಇರುವ ನೆರೆಯವರು. ಈ ಚರಿತ್ರೆಯಲ್ಲಿ ದೊಡ್ಡವರ ಹೆಸರುಗಳ ನಡುವೆ ನನಗೆ ಬಲು ಮೆಚ್ಚುಗೆಯಾದವರು, ಆಕ್ರನ್ನಿನಲ್ಲಿ ಅಪರಿಚಿತನ ಕರೆಗೆ ಫೋನಿಡದೆ ಮಾತಾಡಿದ ಆ ಪಾದ್ರಿ ಮತ್ತು ಆ ಮಹಿಳೆ. ಅವರಿಬ್ಬರೂ ಕುಡುಕರಲ್ಲ; ಅವರು ಮಾಡಿದ್ದು ಒಂದೇ ಕೆಲಸ, ಕೇಳಿದವನಿಗೆ ಮುಂದಿನ ಬಾಗಿಲನ್ನು ತೋರಿಸಿದ್ದು. ನಮ್ಮ ಬೀದಿಯಲ್ಲಿ ಯಾರಾದರೂ ಬಂದು ಮೆಲ್ಲನೆ ಕೇಳಿದರೆ, ಅಷ್ಟು ಹೇಳುವುದಕ್ಕಾದರೂ ನಾವು ತಿಳಿದುಕೊಂಡಿರಬೇಕು.